ಎಣಿಕೆಯ ಶನಿವಾರ

ನಮ್ಮ ಮನೆಯಿಂದ ಬೀದಿಗೆ ಎಪ್ಪತ್ತೆರಡು ಮೆಟ್ಟಿಲು. ಲಿಫ್ಟು ನಿಂತ ಮೇಲೆ ಇದನ್ನು ಎಣಿಸಬೇಕಾಗಿ ಬಂತು. ಮಗಳನ್ನು ಬೆನ್ನ ಮೇಲೆ ಹೊತ್ತು ಇಳಿಯುವಾಗ ಮನಸ್ಸು ಎಲ್ಲಾದರೂ ಹೋದರೆ ಕಾಲು ತಪ್ಪುತ್ತದೆ. ಎಣಿಸುತ್ತಾ ಇಳಿದರೆ ತಪ್ಪುವುದಿಲ್ಲ. ಹುಟ್ಟಿದಾಗ ಎರಡು ಅಂಗೈಯಲ್ಲಿ ಹಿಡಿಸುವಷ್ಟಿದ್ದಳು, ಅದಕ್ಕೇ ಗುಬ್ಬಿ ಎಂದು ಕರೆದೆವು. ಈಗ ಹತ್ತು ವರ್ಷ, ಇಪ್ಪತ್ತೆಂಟು ಕೆ.ಜಿ. ಕಾಲುಗಳಲ್ಲಿ ಮಾತ್ರ ಬಲವಿಲ್ಲ, ಮೊದಲಿನಿಂದಲೂ.

"ಅಮ್ಮಾ, ಇನ್ಮೇಲೆ ನನ್ನ ಹದ್ದು ಅಂತ ಕರಿ," ಎನ್ನುತ್ತಾಳೆ ಕಿವಿಯ ಹತ್ತಿರ. ನಾನು ನಗುವುದಿಲ್ಲ. ನಕ್ಕರೆ ಎಣಿಕೆ ತಪ್ಪುತ್ತದೆ.

ಅವಳ ಗಾಲಿಕುರ್ಚಿ ಕೆಳಗೆ, ಮೆಟ್ಟಿಲ ಸಂದಿಯಲ್ಲಿ, ಸರಪಳಿ ಹಾಕಿ ನಿಲ್ಲಿಸಿರುತ್ತೇವೆ. ಅವಳಪ್ಪ ಲಾರಿ ಓಡಿಸುವವರು. ತಿಂಗಳಲ್ಲಿ ನಾಲ್ಕು ದಿನ ಮನೆಯಲ್ಲಿರುತ್ತಾರೆ. ಆ ನಾಲ್ಕು ದಿನ ನನ್ನ ಬೆನ್ನಿಗೆ ರಜ.

ಕಟ್ಟಡದ ಕೆಳಗೆ ಆರು ಅಂಗಡಿ, ಮೇಲೆ ನಾಲ್ಕು ಮಹಡಿಗಳಲ್ಲಿ ನಲವತ್ತೆಂಟು ಮನೆ. ಕಟ್ಟುವಾಗ ಹಂಚಿದ ಚಿತ್ರದಲ್ಲಿ ಕೆಳಗೆ ದೀಪ, ಹೂವಿನ ಕುಂಡ, ಚೀಲ ಹಿಡಿದ ಜನ ಇದ್ದರು. ನಾವು ಬಂದು ಒಂಬತ್ತು ವರ್ಷವಾದರೂ ಆ ಜನ ಬರಲಿಲ್ಲ. ಆರು ಅಂಗಡಿಗಳ ಗಾಜಿಗೂ ಒಳಗಿನಿಂದ ಹಳೆಯ ಪತ್ರಿಕೆ ಅಂಟಿಸಿತ್ತು. ಮನೆಗಳಲ್ಲೂ ವಾಸವಿರುವುದು ಹತ್ತೊಂಬತ್ತೇ. ಉಳಿದವನ್ನು ಕೊಂಡವರು ಬೀಗ ಹಾಕಿ ಬೇರೆಲ್ಲೋ ಇದ್ದಾರೆ. ಮೊದಲ ಮಹಡಿಯ ಒಂದು ಮನೆ ಕೊಡಿ, ನಮ್ಮದನ್ನು ನೀವು ಇಟ್ಟುಕೊಳ್ಳಿ ಎಂದು ಎಂಟು ಜನಕ್ಕೆ ಕಾಗದ ಬರೆದೆ. ಬೀಗಗಳಿಂದ ಉತ್ತರ ಬರುತ್ತದೆಯೇ.

ಕಟ್ಟಡ ನೋಡಿಕೊಳ್ಳುವವನನ್ನು ಎಲ್ಲರೂ ಕೀಗೊಂಚಲು ಎನ್ನುತ್ತಿದ್ದರು. ಗುಬ್ಬಿ ಇಟ್ಟ ಹೆಸರು. ಸೊಂಟದಲ್ಲಿ ಅಷ್ಟೂ ಬೀಗದ ಕೈ ಝಣಗುಡಿಸಿಕೊಂಡು ಓಡಾಡುತ್ತಿದ್ದ. ಕೆಟ್ಟ ಮನುಷ್ಯನಲ್ಲ. ಮಾಲೀಕರು ಅವನ ತಲೆಯ ಮೇಲೆ ಕೂತಿದ್ದರು, ಅವನು ನಮ್ಮ ತಲೆಯ ಮೇಲೆ.

"ಮೂರು ಅಂಗಡಿ ತುಂಬ್ಲಿ ಅಕ್ಕಾ. ಮೂರು ತುಂಬಿದ ದಿನವೇ ಲಿಫ್ಟಿನವರಿಗೆ ಫೋನು. ಮಾಲೀಕರ ಬಾಯಿಂದ ಬಂದ ಮಾತು."

"ತುಂಬೋದು ಹೇಗಪ್ಪಾ?"

"ತುಂಬಿದೆ ಅಂತ ಕಂಡ್ರೆ ತುಂಬುತ್ತೆ. ಜನ ಇದ್ದಲ್ಲಿಗೆ ಜನ."

ಅಂಗಡಿ ನೋಡಲು ಬಂದವರ ಕೈಗೆ ಅವನು ಒಂದು ಪುಟ್ಟ ಯಂತ್ರ ಕೊಡುತ್ತಿದ್ದ. ಹೆಬ್ಬೆರಳಿನಿಂದ ಒತ್ತಿದರೆ ಟಿಕ್ ಎಂದು ಒಂದಂಕೆ ಮುಂದಕ್ಕೆ ಹೋಗುತ್ತದೆ. "ನನ್ನ ಮಾತು ನಂಬಬೇಡಿ," ಎನ್ನುತ್ತಿದ್ದ, "ಶನಿವಾರ ಬೆಳಿಗ್ಗೆ ಬಂದು ಕೂತು ನೀವೇ ಎಣಿಸಿ." ಅಂಗಡಿಗಳ ಮುಂದಿನ ಓಣಿ ಮುಂಬೀದಿಯಿಂದ ಹಿಂಬೀದಿಯ ಬಸ್ ನಿಲ್ದಾಣಕ್ಕೆ ಹಾಯುತ್ತದೆ. ಅಲ್ಲೊಂದು ಕುರ್ಚಿ ಹಾಕಿಸುತ್ತಿದ್ದ.

ಶುಕ್ರವಾರ ಸಂಜೆ ನಮ್ಮ ಹತ್ತೊಂಬತ್ತು ಮನೆಗಳ ಬಾಗಿಲು ತಟ್ಟುತ್ತಿದ್ದ.

ಮೊದಲ ಎಣಿಕೆಯ ಶನಿವಾರ ನಾವು ಇಪ್ಪತ್ತಮೂರು ಜನ ಸೇರಿದೆವು. ಮುಂಬೀದಿಯಿಂದ ಒಳಗೆ ಬಂದು, ಓಣಿ ಹಾದು, ಹಿಂಬೀದಿಗೆ ಇಳಿದು, ಪಕ್ಕದ ಗೋಡೆಯ ಸಂದಿಯಿಂದ ಹಿಂದಿನ ಮೆಟ್ಟಿಲು ಹತ್ತಿ ಮೊದಲ ಮಹಡಿಗೆ ಬರಬೇಕು. ಅಲ್ಲಿ ಕಂಬಿಯ ಮೇಲೆ ಅವರವರ ಬಟ್ಟೆ ನೇತುಹಾಕಿತ್ತು. ಬದಲಾಯಿಸಿಕೊಂಡು ಮತ್ತೆ ಬೀದಿಗೆ. ನಿವೃತ್ತ ಡ್ರಿಲ್ ಮೇಷ್ಟ್ರು ಒಬ್ಬರಿದ್ದರು; ಅವರಿಗೆ ಮರುಜನ್ಮ ಬಂದ ಹಾಗಾಗಿತ್ತು.

"ಒಂದೇ ಹೆಜ್ಜೆ ಹಾಕಬೇಡಿ ಎಲ್ರೂ. ಇದು ಕವಾಯತಲ್ಲ. ಒಬ್ರು ಅವಸರದಲ್ಲಿ, ಒಬ್ರು ನಿಧಾನ. ನೀವು ಫೋನಲ್ಲಿ ಜಗಳ ಆಡ್ತಾ ಹೋಗಿ."

"ಯಾರ ಜೊತೆ ಸಾರ್?"

"ಮದುವೆ ಆಗಿದೆ ತಾನೆ? ನಾನೇ ಹೇಳಿಕೊಡ್ಬೇಕಾ?"

ಎಲ್ಲರೂ ಬಾಯಿ ಮುಚ್ಚಿಕೊಂಡು ನಕ್ಕೆವು. ನಿಜ ಹೇಳುತ್ತೇನೆ, ಆ ಬೆಳಿಗ್ಗೆ ನನಗೆ ಖುಷಿಯಾಗಿತ್ತು. ಅಷ್ಟು ಜನ ಒಟ್ಟಿಗೆ ಮೆಟ್ಟಿಲ ಮೇಲೆ ನಕ್ಕದ್ದು ಅದೇ ಮೊದಲು. ಮೊದಲ ಸುತ್ತಿಗೆ ಹಳದಿ ಮಳೆಕೋಟು ಹಾಕಿಕೊಂಡೆ, ಎರಡನೆಯದಕ್ಕೆ ನೀಲಿ ಸ್ವೆಟರು, ಆಮೇಲೆ ಕೆಂಪು ಗೀರಿನ ಶಾಲು, ಹಸಿರು ಅಂಗಿ, ನನ್ನ ಗಂಡನ ಕಂದು ಜಾಕೆಟು, ಮದುವೆಗೆ ಹೊಲಿಸಿದ ನೇರಳೆ ಕೋಟು. ಕುರ್ಚಿಯಲ್ಲಿ ಐವತ್ತು ದಾಟಿದ ಹೆಂಗಸೊಬ್ಬರು ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ನಾನು ಮುಖ ನೋಡಲಿಲ್ಲ. ಅವರ ಹೆಬ್ಬೆರಳು ನೋಡಿದೆ.

ಆರು ಸುತ್ತು ಮುಗಿಸಿ ಒಲೆಯ ಮೇಲೆ ಬಿಟ್ಟುಬಂದದ್ದನ್ನು ಇಳಿಸಲು ಮನೆಗೆ ಹೋದಾಗ ಗುಬ್ಬಿ ಹಠ ಹಿಡಿದಳು. "ಎಲ್ರೂ ಕೆಳಗಿದಾರೆ. ನಾನೂ ಬರ್ತೀನಿ." ನಾನು ಹಾಕಿದ್ದ ಬೂದು ಬಣ್ಣದ ಮನೆಯ ಅಂಗಿಯಲ್ಲೇ ಅವಳನ್ನು ಹೊತ್ತುಕೊಂಡು ಇಳಿದೆ. ಆ ಸಲ ಯಾರನ್ನೂ ನಂಬಿಸಲು ಹೋಗಲಿಲ್ಲ. ಅವಳಿಗೆ ಬೀದಿ ತೋರಿಸಲು ಹೋದೆ, ಅಷ್ಟೆ. ಕುರ್ಚಿಯ ಮುಂದೆ ಹಾಯುವಾಗ ಟಿಕ್ ಎಂದಿತು. ಒಂದು ಗಳಿಗೆ ಬಿಟ್ಟು ಇನ್ನೊಮ್ಮೆ, ಟಿಕ್.

"ಅಮ್ಮಾ," ಎಂದಳು ಗುಬ್ಬಿ ಹಿಂಬೀದಿಯಲ್ಲಿ, "ನನ್ನನ್ನೂ ಬೇರೆ ಎಣಿಸಿದ್ರು."

ಒಂದು ತಿಂಗಳಲ್ಲಿ ಮೂಲೆಯ ಅಂಗಡಿಯ ಗಾಜಿನಿಂದ ಪತ್ರಿಕೆ ಹರಿದು ಲಾಂಡ್ರಿ ಬಂತು. ಕುರ್ಚಿಯಲ್ಲಿ ಕೂತಿದ್ದವರೇ ಅದರ ಒಡತಿ. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಇಪ್ಪತ್ತೆರಡು ವರ್ಷ ದುಡಿದು, ಕೈಗೆ ಬಂದ ಅಷ್ಟನ್ನೂ ನೀರಿನ ಕೊಳವೆಗೆ, ಎರಡು ದೊಡ್ಡ ಯಂತ್ರಗಳಿಗೆ, ಹಬೆಯ ಇಸ್ತ್ರಿಪೆಟ್ಟಿಗೆಗೆ ಸುರಿದಿದ್ದರು. ಹಿಂದೆ ಮುಂದೆ ಯಾರೂ ಇಲ್ಲದವರು. ಅಂಗಡಿಯ ಹಿಂಭಾಗದಲ್ಲೇ ಮಡಿಸುವ ಮಂಚ ಹಾಕಿಕೊಂಡರು.

"ಒಂದು ಬಂತು, ಇನ್ನೆರಡು," ಎಂದ ಕೀಗೊಂಚಲು, ಬೆರಳು ತೋರಿಸಿ.

ನಾನು ದಿನವೂ ಗುಬ್ಬಿಯನ್ನು ಶಾಲೆಗೆ ಬಿಟ್ಟು ಬರುವಾಗ ಆ ಗಾಜಿನ ಮುಂದೆ ಹಾಯುತ್ತಿದ್ದೆ. ಮೊದಲ ವಾರ ಲಾಂಡ್ರಿಯಕ್ಕ ಬಾಗಿಲಲ್ಲೇ ನಿಂತಿರುತ್ತಿದ್ದರು. ಎರಡನೆಯ ವಾರ ಸ್ಟೂಲಿನ ಮೇಲೆ ಕೂತಿದ್ದರು. ಮೂರನೆಯ ವಾರದಿಂದ, ಇಸ್ತ್ರಿಯಾದ ಒಂದೇ ಬಿಳಿ ಹಾಸಿಗೆಬಟ್ಟೆಯನ್ನು ಬಿಚ್ಚಿ ಮತ್ತೆ ಇಸ್ತ್ರಿ ಮಾಡುತ್ತಿದ್ದರು. ಒಂದು ದಿನ ನಾನು ಒಳಗೆ ಹೋದಾಗ ಎದ್ದು ನಿಂತರು. ಬಟ್ಟೆ ತಂದಿಲ್ಲ, ಸುಮ್ಮನೆ ಬಂದೆ ಎಂದಾಗಲೂ ಕೂರಲಿಲ್ಲ.

"ಶನಿವಾರ ಹೊರತು ಬೇರೆ ದಿನ ಈ ಕಡೆ ಜನ ಓಡಾಡಲ್ವಾ ತಾಯಿ?" ಎಂದು ಕೇಳಿದರು. "ಈಗಿನ ಶನಿವಾರಗಳಲ್ಲೂ ಕಾಣಿಸ್ತಿಲ್ಲ. ನಾನು ಎಣಿಸಿದ ದಿನ ಇನ್ನೂರ ಹದಿನಾಲ್ಕು ಇತ್ತು."

ಏನೋ ಹವಾಮಾನ ಎಂದೆ.

ಆ ರಾತ್ರಿ ಬಟ್ಟೆಯ ಕಪಾಟು ತೆಗೆದು ನೋಡಿದೆ. ಅವರ ಅಂಗಡಿ ನಡೆಯಬೇಕು, ಮುಚ್ಚಿದರೆ ಗುಬ್ಬಿಯ ಲಿಫ್ಟು ಹೋಯಿತು ಎನ್ನುವುದೂ ಮನಸ್ಸಿನಲ್ಲಿತ್ತು, ಪಾಪ ಎನ್ನುವುದೂ ಇತ್ತು. ಎರಡನ್ನೂ ಬೇರೆ ಮಾಡಲು ನನಗೆ ಬರಲಿಲ್ಲ. ಬೆಳಿಗ್ಗೆ ಮನೆಯಲ್ಲಿದ್ದ ಒಳ್ಳೆಯ ಬಟ್ಟೆಯನ್ನೆಲ್ಲ, ಬೂದು ಅಂಗಿಯನ್ನೂ ಸೇರಿಸಿ, ಒಂದು ಹಳೆಯ ಹೊದಿಕೆಯಲ್ಲಿ ಗಂಟು ಕಟ್ಟಿದೆ. ಒಳ್ಳೆಯದು ಮಾಡುತ್ತಿದ್ದೇನೆ ಎಂದುಕೊಂಡೆ.

ಲಾಂಡ್ರಿಯಕ್ಕನ ಮುಖ ಅರಳಿತು. ಗಂಟು ಬಿಚ್ಚಿ ಒಂದೊಂದನ್ನೇ ಮೇಜಿನ ಮೇಲೆ ಹರಡಿದರು. ಹಳದಿ ಮಳೆಕೋಟು ಬಂತು. ಅದರ ಮೂರನೆಯ ಗುಂಡಿ ಕಪ್ಪು. ಹಳದಿಯದು ಬಿದ್ದುಹೋದಾಗ ಕೈಗೆ ಸಿಕ್ಕಿದ್ದನ್ನು ನಾನೇ ಹಾಕಿದ್ದೆ. ಅವರ ಬೆರಳು ಆ ಗುಂಡಿಯ ಮೇಲೆ ನಿಂತಿತು. ಆಮೇಲೆ ನೀಲಿ ಸ್ವೆಟರು. ಕೆಂಪು ಗೀರಿನ ಶಾಲು. ಆಗ ನನಗೆ ಹೊಳೆಯಿತು. ಗಂಟನ್ನು ಎಳೆದುಕೊಂಡು ಓಡಬೇಕೆನ್ನಿಸಿತು.

ಎಲ್ಲವನ್ನೂ ಸಾಲಾಗಿ ಜೋಡಿಸಿದರು. ಧ್ವನಿ ಏರಿಸಲಿಲ್ಲ.

"ಇಪ್ಪತ್ತೆರಡು ವರ್ಷ ಬಿಳಿ ಬಿಟ್ಟು ಬೇರೆ ಬಣ್ಣ ಒಗೆದವಳಲ್ಲ ನಾನು. ಆವತ್ತು ಕುರ್ಚೀಲಿ ಕೂತು ಒಂದೊಂದು ಬಣ್ಣ ಹೋದಾಗ್ಲೂ, ಇದು ನನ್ನ ಕೈಗೆ ಬರುತ್ತೆ, ಇದೂ ಬರುತ್ತೆ ಅಂತ ನೋಡ್ಕೊಂಡಿದ್ದೆ. ಮುಖ ನೆನಪಿಲ್ಲ ನನಗೆ. ಬಟ್ಟೆ ಮರೆಯಲ್ಲ." ಹಳದಿ ಕೋಟಿನ ತೋಳನ್ನು ನೇರ ಮಾಡಿದರು. "ಇದು ಹನ್ನೊಂದು. ಈ ನೀಲಿ ಮೂವತ್ತೆಂಟು. ಶಾಲು ಅರವತ್ತರ ಹತ್ರ. ಬಂದ್ವಲ್ಲ ನನ್ನ ಕೈಗೆ. ಎಲ್ಲಾ ಒಂದೇ ಗಂಟಲ್ಲಿ."

"ಅಕ್ಕಾ, ನನ್ನ ಮಗಳು..."

"ಆ ಮಗು ಹೊತ್ತವಳು?"

"ಅದೂ ನಾನೇ."

"ಅದೂ ಆಟವಾ?"

"ಅಲ್ಲ. ಅದೊಂದು ನಿಜ."

ಅವರು ಬೂದು ಅಂಗಿಯನ್ನು ಕೈಗೆತ್ತಿಕೊಂಡರು. "ಆ ಮಗೂನ ನೋಡಿಯೇ ನಾನು ರುಜು ಹಾಕಿದ್ದು," ಎಂದರು. "ಇಷ್ಟು ಬೆಳೆದ ಹುಡುಗೀನ ಬೆನ್ನ ಮೇಲೆ ಹೊತ್ಕೊಂಡಾದ್ರೂ ಇಲ್ಲಿಗೆ ಬರ್ತಾರೆ ಅಂದ್ರೆ ಈ ಜಾಗದಲ್ಲಿ ಏನೋ ಇರ್ಬೇಕು ಅಂತ."

ನಾನು ಲಿಫ್ಟಿನ ವಿಷಯ ಹೇಳಿದೆ. ಮೂರು ಅಂಗಡಿಯ ಮಾತು ಹೇಳಿದೆ. ಕ್ಷಮಿಸಿ ಎಂದೆನೋ ಇಲ್ಲವೋ ನೆನಪಿಲ್ಲ. ಎಂದಿದ್ದರೂ ಅದು ಸಾಲದು. ಅವರು ಬಟ್ಟೆಯನ್ನು ಮತ್ತೆ ಗಂಟು ಕಟ್ಟಿ ಕಪಾಟಿನಲ್ಲಿಟ್ಟರು. "ಒಗೆದು ಕೊಡ್ತೀನಿ. ಕೆಲಸ ಕೆಲಸವೇ."

ಎರಡು ತಿಂಗಳ ನಂತರ ಮತ್ತೆ ಶುಕ್ರವಾರ ಬಾಗಿಲು ಬಡಿಯಿತು. ಕೀಗೊಂಚಲು ಅಲ್ಲ, ಲಾಂಡ್ರಿಯಕ್ಕ. ಎಪ್ಪತ್ತೆರಡು ಮೆಟ್ಟಿಲು ಹತ್ತಿ ಬಂದು ಉಸಿರು ಸಿಕ್ಕುವವರೆಗೂ ಚೌಕಟ್ಟು ಹಿಡಿದು ನಿಂತರು. ಒಳಗೆ ಗುಬ್ಬಿ ನೆಲದ ಮೇಲೆ ಕೂತು ಬಣ್ಣ ಹಚ್ಚುತ್ತಿದ್ದಳು. ಅವಳನ್ನು ನೋಡಿ ಸ್ವಲ್ಪ ನಕ್ಕರು.

"ನಾಳೆ ಎಣಿಸೋಕೆ ಗಂಡ ಹೆಂಡತಿ ಬರ್ತಾರೆ. ಕೂದಲು ಕತ್ತರಿಸೋರು. ಕರಾರಿನ ಪ್ರಕಾರ ವರ್ಷ ತುಂಬೋವರೆಗೂ ನಾನು ಬಿಡೋ ಹಾಗಿಲ್ಲ, ನನ್ನ ಜಾಗಕ್ಕೆ ಇನ್ನೊಬ್ರನ್ನ ಕೂರಿಸಿದ್ರೆ ಮಾತ್ರ ಬಿಡುಗಡೆ. ಅವರಿಗೆ ನೀರಿನ ಕೊಳವೆ ಬೇಕು. ನನ್ನಲ್ಲಿ ಇದೆ." ತೋಳ ಮೇಲಿದ್ದ ಬೂದು ಉಣ್ಣೆಯ ದೊಡ್ಡ ಕೋಟನ್ನು ನನಗೆ ಕೊಟ್ಟರು. "ಯಾರೋ ಒಗೆಯೋಕೆ ಕೊಟ್ಟು ತಿರುಗಿ ಬರ್ಲಿಲ್ಲ. ಇದನ್ನ ಹಾಕ್ಕೊಂಡು ನನ್ನ ಅಂಗಡಿ ಒಳಗೆ ಬಾ, ಹೊರಗೆ ಹೋಗು. ನೀನು ನನಗೆ ಅಷ್ಟು ಮಾಡ್ಬೇಕು."

ಮಾಡಬೇಕಿತ್ತು. ಇಲ್ಲ ಎನ್ನಲು ಬಾಯಿ ಎಲ್ಲಿತ್ತು ನನಗೆ.

ಶನಿವಾರ ಆ ಕೋಟು ಹಾಕಿಕೊಂಡು ಎಂಟು ಸಲ ಒಳಗೆ ಹೋಗಿ ಹೊರಗೆ ಬಂದೆ, ಒಮ್ಮೆ ಗುಂಡಿ ಹಾಕಿ, ಒಮ್ಮೆ ಬಿಚ್ಚಿ, ಒಮ್ಮೆ ಶಾಲು ಸುತ್ತಿ. ಕೊನೆಯ ಸಲ ಕುರ್ಚಿಯಲ್ಲಿದ್ದ ಹುಡುಗಿ ಎದ್ದು ನನ್ನನ್ನು ತಡೆದಳು. ಇಪ್ಪತ್ತೈದರ ಒಳಗಿನವಳು, ಕೂದಲನ್ನು ಚೆಂದವಾಗಿ ಕತ್ತರಿಸಿಕೊಂಡಿದ್ದಳು.

"ಅಕ್ಕಾ, ಒಂದು ನಿಮಿಷ. ನೀವು ಇಲ್ಲೇ ಇರೋರಾ?"

ಗಾಜಿನ ಆಚೆ ಲಾಂಡ್ರಿಯಕ್ಕ ಹಬೆಯೊಳಗೆ ತಲೆ ತಗ್ಗಿಸಿ, ಅದೇ ಬಿಳಿ ಹಾಸಿಗೆಬಟ್ಟೆಯನ್ನು ಉಜ್ಜುತ್ತಿದ್ದರು.

"ಇಲ್ಲಮ್ಮ," ಎಂದೆ, "ದೂರದಿಂದ ಬರ್ತೀನಿ. ಎರಡು ಬಸ್ಸು ಬದಲಾಯಿಸಿ."

ಹುಡುಗಿ ಗಂಡನ ಕಡೆ ತಿರುಗಿ ಹುಬ್ಬು ಹಾರಿಸಿದಳು.

ಅವರು ಲಾಂಡ್ರಿಯ ಜಾಗವನ್ನೇ ತೆಗೆದುಕೊಂಡರು. ಯಂತ್ರಗಳನ್ನು ಯಾವುದೋ ಗುಜರಿಯವನು ಹಗ್ಗ ಕಟ್ಟಿ ಎಳೆದುಕೊಂಡು ಹೋದ. ಲಾಂಡ್ರಿಯಕ್ಕ ಹೋಗುವ ದಿನ ಮತ್ತೊಮ್ಮೆ ಮೆಟ್ಟಿಲು ಹತ್ತಿ ನನ್ನ ಬಟ್ಟೆ ತಂದುಕೊಟ್ಟರು. ಎಲ್ಲಿಗೆ ಹೋಗುತ್ತೀರಿ ಎಂದೆ. "ಆಸ್ಪತ್ರೇಲಿ ಕೇಳಿದೀನಿ. ದಿನಗೂಲಿಗೆ ತಗೊಳ್ತಾರಂತೆ," ಎಂದರು. ಗುಬ್ಬಿಯ ತಲೆ ಸವರಿ ಹೋದರು. ಏಳು ಬಟ್ಟೆಯೂ ಗರಿಗರಿಯಾಗಿದ್ದವು. ಒಂದೊಂದರ ಕೊರಳಿಗೂ ಲಾಂಡ್ರಿಯ ಚೀಟಿ ಪಿನ್ನು ಮಾಡಿತ್ತು: ೧೧, ೩೮, ೫೯, ಹೀಗೆ. ಬೂದು ಅಂಗಿಯ ಮೇಲೆ ಎರಡು ಅಂಕೆ, ೧೯೦, ೧೯೧. ಮಳೆಕೋಟಿನ ಮೂರನೆಯ ಗುಂಡಿ ಈಗ ಹಳದಿಯದೇ ಆಗಿತ್ತು.

ನಾನು ಆ ಗುಂಡಿ ಹಿಡಿದುಕೊಂಡು ಅಡುಗೆಮನೆಯ ನೆಲದ ಮೇಲೆ ಕೂತೆ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

"ಈಗ ಎಷ್ಟಾಯ್ತು?" ಎಂದು ಕೀಗೊಂಚಲನ್ನು ಕೇಳಿದೆ.

"ಒಂದು ಹೋಯ್ತು, ಒಂದು ಬಂತು. ಒಂದೇ ಅಲ್ವಾ ಅಕ್ಕಾ."

ಹೊಸ ಅಂಗಡಿಯವರು ಕನ್ನಡಿ ಹಾಕಿದರು, ಎರಡು ತಿರುಗುವ ಕುರ್ಚಿ ತಂದರು. ಡ್ರಿಲ್ ಮೇಷ್ಟ್ರು ಮೀಸೆ ತಿದ್ದಿಸಿಕೊಂಡು ಬಂದರು. ಹತ್ತೊಂಬತ್ತು ಮನೆಗಳ ತಲೆಗಳು ಎರಡು ವಾರದಲ್ಲಿ ಮುಗಿದವು. ಕೂದಲು ಬೆಳೆಯಲು ತನ್ನದೇ ಸಮಯ ತೆಗೆದುಕೊಳ್ಳುತ್ತದೆ.

ಒಂದು ಬೆಳಿಗ್ಗೆ ಗುಬ್ಬಿಯನ್ನು ಹೊತ್ತು ಇಳಿಯುತ್ತಿದ್ದೆ. ಕೊನೆಯ ಮೆಟ್ಟಿಲ ಹತ್ತಿರ ಆ ಹುಡುಗಿ ಪೊರಕೆ ಹಿಡಿದು ನಿಂತಿದ್ದಳು. ನನ್ನನ್ನು ನೋಡಿದಳು, ಗುಬ್ಬಿಯನ್ನು ನೋಡಿದಳು, ಸಂದಿಯಲ್ಲಿದ್ದ ಗಾಲಿಕುರ್ಚಿಯ ಸರಪಳಿ ನಾನು ಬಿಚ್ಚುವುದನ್ನು ನೋಡಿದಳು.

"ಅಕ್ಕಾ, ನೀವು ಎರಡು ಬಸ್ಸು ಬದಲಾಯಿಸಿ ಬರೋರಲ್ವಾ?"

ಗುಬ್ಬಿ ನನಗಿಂತ ಮುಂಚೆ ಬಾಯಿ ಬಿಟ್ಟಳು. "ಇಲ್ಲ ಅಕ್ಕಾ. ನಾವು ನಾಲ್ಕನೇ ಮಹಡಿ. ಹುಟ್ಟಿದ್ದೊಂದು ಬಿಟ್ರೆ ನಾನು ಎಲ್ಲಾ ಇಲ್ಲೇ ಮಾಡಿದ್ದು."

ಹುಡುಗಿ ಪೊರಕೆಯನ್ನು ಗೋಡೆಗೆ ಒರಗಿಸಿ ಒಳಗೆ ಹೋದಳು. ಬೀದಿಯಲ್ಲಿ ಕುರ್ಚಿ ತಳ್ಳುವಾಗ ಗುಬ್ಬಿ ತಿರುಗಿ ನೋಡಿದಳು.

"ನೀನು ಅವರಿಗೆ ಸುಳ್ಳು ಹೇಳಿದ್ಯಾ?"

"ಹೂಂ."

"ಲಿಫ್ಟಿಗಾ?"

"ಲಿಫ್ಟಿಗೆ, ಲಾಂಡ್ರಿ ಅಕ್ಕನಿಗೆ. ಎರಡಕ್ಕೂ."

ಶಾಲೆಯ ಗೇಟಿನಲ್ಲಿ ಚೀಲ ತೆಗೆದುಕೊಳ್ಳುತ್ತಾ, "ನನಗೆ ಹೇಳದೇನೇ ನನಗೋಸ್ಕರ ಮಾಡ್ಬೇಡ," ಎಂದಳು.

ಮುಂದಿನ ಎಣಿಕೆಗೆ ಬಂದದ್ದು ಒಬ್ಬ ಹಿರಿಯರು. ಮನೆ ಮಾರಿ ಪುಸ್ತಕದಂಗಡಿ ಇಡುತ್ತಾರಂತೆ, ಪಕ್ಕಪಕ್ಕದ ಎರಡು ಅಂಗಡಿ ಒಟ್ಟಿಗೆ ಬೇಕಂತೆ. ಕೀಗೊಂಚಲು ಶುಕ್ರವಾರ ಬಾಗಿಲಲ್ಲಿ ನಿಂತು ಮೂರು ಬೆರಳು ತೋರಿಸಿದ. "ಒಂದಕ್ಕೆ ಎರಡು ಸೇರಿದ್ರೆ ಮೂರು, ಅಕ್ಕಾ. ನಾಳೆ ಚೆನ್ನಾಗಿ ನಡೀಬೇಕು. ನಿಮ್ಮ ಮಗಳ ಲಿಫ್ಟು ನಿಮ್ಮ ಕಾಲಲ್ಲೇ ಇದೆ."

ಅವನು ಹೋದ ಮೇಲೆ ಗುಬ್ಬಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಎಲ್ಲ ಹೇಳಿದೆ. ಹೋದ ವಾರ ಎರಡನೇ ಮಹಡಿಯಲ್ಲಿ ನನ್ನ ಸೊಂಟ ಹಿಡಿದುಕೊಂಡದ್ದೂ, ಅವಳು ಇನ್ನೂ ಬೆಳೆಯುವವಳೆಂಬುದೂ, ಒಂದು ದಿನ ನನ್ನ ಕೈಲಿ ಆಗುವುದಿಲ್ಲ ಎಂಬುದೂ. ಅವಳು ಕೇಳಿಸಿಕೊಂಡಳು.

"ಆ ತಾತನಿಗೆ ಇನ್ನೊಂದು ಮನೆ ಇದೆಯಾ?"

"ಇಲ್ಲ ಅನ್ಸುತ್ತೆ ಕಂದಾ."

"ಹಾಗಾದ್ರೆ ನನ್ನನ್ನೂ ಕರ್ಕೊಂಡು ಹೋಗು," ಎಂದಳು. "ಒಂದೇ ಸಲ."

ಶನಿವಾರ ಬೂದು ಅಂಗಿ ಹಾಕಿಕೊಂಡೆ. ಚೀಟಿ ಕೊರಳಲ್ಲೇ ಇತ್ತು, ತೆಗೆಯಲು ಮನಸ್ಸಾಗಲಿಲ್ಲ, ಒಳಕ್ಕೆ ಮಡಿಸಿದೆ. ಅವಳನ್ನು ಹೊತ್ತು ಎಪ್ಪತ್ತೆರಡು ಮೆಟ್ಟಿಲು ಇಳಿದೆ. ಓಣಿಯಲ್ಲಿ ಮೇಷ್ಟ್ರು ಕೊಡೆ ಬೀಸುತ್ತಾ ಅವಸರದವರಂತೆ ಹಾದುಹೋದರು. ಹಿರಿಯರು ನಮ್ಮನ್ನು ನೋಡಿ ಎರಡು ಸಲ ಒತ್ತಿದರು, ಟಿಕ್, ಟಿಕ್. ನಾನು ಹಿಂಬೀದಿಗೆ ಇಳಿಯಲಿಲ್ಲ. ಅವರ ಕುರ್ಚಿಯ ಎದುರು, ಮುಚ್ಚಿದ ಅಂಗಡಿಯ ಮೆಟ್ಟಿಲ ಮೇಲೆ ಗುಬ್ಬಿಯನ್ನು ಇಳಿಸಿ ಪಕ್ಕದಲ್ಲಿ ಕೂತೆ.

"ಯಾರಿಗಾದ್ರೂ ಕಾಯ್ತಿದೀರಾ?" ಎಂದು ಕೇಳಿದರು.

"ಇಲ್ಲ ಯಜಮಾನರೇ. ನಾವು ಇಲ್ಲಿಯವರೇ. ಇಬ್ಬರು." ಮೇಷ್ಟ್ರು ಹೋದ ಕಡೆ ಕೈ ತೋರಿಸಿದೆ. "ಕೊಡೆ ಹಿಡಿದೋರು ಇನ್ನೊಂದು ಗಳಿಗೆಗೆ ಟೋಪಿ ಹಾಕ್ಕೊಂಡು ಬರ್ತಾರೆ. ಅವರನ್ನ ಒಂದೇ ಸಲ ಎಣಿಸಿ."

ಅವರಿಗೆ ಮೊದಲು ಅರ್ಥವಾಗಲಿಲ್ಲ. ಮೇಷ್ಟ್ರು ಟೋಪಿ ಹಾಕಿಕೊಂಡು ಬಂದರು. ನನ್ನನ್ನು ನೋಡಿ ಅವರ ಹೆಜ್ಜೆ ತಪ್ಪಿತು. ಹಿರಿಯರ ಹೆಬ್ಬೆರಳು ಮೇಲೆಯೇ ನಿಂತಿತು. ಇನ್ನೂ ಸ್ವಲ್ಪ ಹೊತ್ತು ಕೂತಿದ್ದು, ಹಾಯ್ದವರನ್ನೆಲ್ಲ ಮುಖವೆತ್ತಿ ನೋಡಿ, ಯಂತ್ರವನ್ನು ಕುರ್ಚಿಯ ಮೇಲಿಟ್ಟು, ನನಗೊಮ್ಮೆ ತಲೆಬಾಗಿ ಹೊರಟುಹೋದರು.

ಕೂದಲಂಗಡಿಯ ಹುಡುಗಿ ಬಾಗಿಲಿಗೆ ಬಂದು ನಿಂತಿದ್ದಳು. ಇನ್ನು ಎಣಿಕೆ ನಡೆಯದಿದ್ದರೆ ಅವಳ ಜಾಗಕ್ಕೂ ಯಾರೂ ಸಿಗುವುದಿಲ್ಲ, ಅವಳಿಗೂ ಇಂದು ಬಿಡುಗಡೆಯ ದಾರಿ ಮುಚ್ಚಿತೆಂದು ನನಗೆ ಗೊತ್ತಿತ್ತು. ನನ್ನನ್ನು ದಿಟ್ಟಿಸಿ, ಗಾಜಿನ ಬಾಗಿಲನ್ನು ಒಳಗಿನಿಂದ ಎಳೆದುಕೊಂಡಳು.

ಕೀಗೊಂಚಲು ಬಂದ. ಬೀಗದ ಕೈಗಳನ್ನು ಮುಷ್ಟಿಯಲ್ಲಿ ಹಿಡಿದಿದ್ದ, ಸದ್ದಿರಲಿಲ್ಲ. "ನಿಮ್ಮ ಕೈಯಾರೆ ಮಾಡ್ಕೊಂಡ್ರಲ್ಲಾ ಅಕ್ಕಾ," ಎಂದ. "ಹೆತ್ತ ತಾಯಿ ಮಾಡೋ ಕೆಲಸವಾ ಇದು? ಇನ್ನು ಲಿಫ್ಟು ಕೇಳ್ಕೊಂಡು ನನ್ನ ಹತ್ರ ಬರ್ಬೇಡಿ." ನಾನು ಗುಬ್ಬಿಯನ್ನು ಬೆನ್ನಿಗೇರಿಸಿಕೊಂಡೆ.

ಹತ್ತಲು ಶುರುಮಾಡಿದೆವು. ಎರಡನೇ ಮಹಡಿ ದಾಟಿ ಮೂವತ್ತೊಂಬತ್ತನೆಯ ಮೆಟ್ಟಿಲಲ್ಲಿ ಸೊಂಟ ಮತ್ತೆ ಹಿಡಿದುಕೊಂಡಿತು. ಕಣ್ಣಿಗೆ ಕತ್ತಲೆ ಕವಿಯಿತು. ಅವಳನ್ನು ಹೇಗೋ ಮೆಟ್ಟಿಲ ಮೇಲೆ ಇಳಿಸಿ ಗೋಡೆ ಹಿಡಿದು ನಿಂತೆ. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ.

ಗುಬ್ಬಿ ನನ್ನ ಮುಖ ನೋಡಿದಳು. ಆಮೇಲೆ ಎರಡು ಅಂಗೈಯನ್ನೂ ಬೆನ್ನ ಹಿಂದಿನ ಮೆಟ್ಟಿಲ ಮೇಲೆ ಊರಿ, ಹಲ್ಲು ಕಚ್ಚಿ, ಕೂತಲ್ಲಿಂದಲೇ ದೇಹವನ್ನು ಮೇಲಕ್ಕೆ ಎಳೆದುಕೊಂಡಳು. ಕಾಲುಗಳು ಹಿಂದಿನಿಂದ ಬಂದವು, ಹಿಮ್ಮಡಿ ಅಂಚಿಗೆ ಬಡಿಯಿತು.

"ನಲವತ್ತು," ಎಂದಳು.

ಇನ್ನೂ ಮೂವತ್ತೆರಡು ಇದ್ದವು. ನಾನು ಒಂದು ಮೆಟ್ಟಿಲು ಕೆಳಗೆ, ಬಿದ್ದರೆ ಹಿಡಿಯಲು ಕೈ ಚಾಚಿಕೊಂಡು, ಬಗ್ಗಿ ಬಗ್ಗಿ ಅವಳ ಹಿಂದೆ ಹತ್ತಿದೆ.